ಶಿಕ್ಷಣ ಸ್ಥಾಯಿ ಸಮಿತಿಯ ಖಾಲಿ ಕುರ್ಚಿಗೆ ಒಂದು ಬಹಿರಂಗ ಪತ್ರ

ಗೆ,
ಅಧ್ಯಕ್ಷರ ಕುರ್ಚಿ,
ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿ,
ಜಿಲ್ಲಾ ಪಂಚಾಯಿತಿ, ಹಾಸನ.

ವಿಷಯ: ತಮ್ಮ ಮೇಲೆ ಯಾರಾದರೊಬ್ಬರು ಬಂದು ಕೂರುವ ಬಗ್ಗೆ.

ಮಾನ್ಯ ಕುರ್ಚಿಯವರೇ,

ಈ ಪತ್ರವನ್ನು ಬೇರೆಯವರಿಗೂ ಬರೆಯಬಹುದಿತ್ತು. ತಾಲ್ಲೂಕಿನ ಬಿಇಒ ಅವರಿಗೆ ಬರೆದರೆ ಜಿಲ್ಲೆಯ ಡಿಡಿಪಿಐ ಅವರನ್ನು ಕಾಣಿ ಎನ್ನುತ್ತಾರೆ. ಡಿಡಿಪಿಐ ಕಚೇರಿಗೆ ಹೋದರೆ ಆಯುಕ್ತರ ಸುತ್ತೋಲೆ ತೋರಿಸುತ್ತಾರೆ. ಆಯುಕ್ತರ ಕಚೇರಿ ಹಣಕಾಸು ಇಲಾಖೆಯತ್ತ ಕೈ ತೋರಿಸುತ್ತದೆ, ಹಣಕಾಸು ಇಲಾಖೆ ದಿಲ್ಲಿಯತ್ತ. ತಮಗೆ ಎರಡು ಕೈ ಇದ್ದರೂ ಇನ್ನೊಬ್ಬರತ್ತ ತೋರಿಸುವ ಅಭ್ಯಾಸವಿಲ್ಲ. ಇಟ್ಟಲ್ಲೇ ಇದ್ದೀರಿ. ವರ್ಗಾವಣೆಯ ಭಯವಿಲ್ಲ, ಫೋನ್ ಸ್ವಿಚ್ ಆಫ್ ಆಗುವುದಿಲ್ಲ, "ಸಾಹೇಬರು ಮೀಟಿಂಗಿನಲ್ಲಿದ್ದಾರೆ" ಎಂದು ಯಾರೂ ಹೇಳುವುದಿಲ್ಲ. ಜಿಲ್ಲೆಯ ಶಿಕ್ಷಣದ ಮಟ್ಟಿಗೆ ಇಷ್ಟು ಸುಲಭವಾಗಿ ಸಿಗುವವರು ತಾವೊಬ್ಬರೇ. ಅದಕ್ಕೇ ತಮಗೇ ಬರೆಯುತ್ತಿದ್ದೇನೆ.

ಮೊದಲಿಗೆ ತಮ್ಮ ಜಾತಕ. ಸಂವಿಧಾನದ 243-ಇ ವಿಧಿಯ ಪ್ರಕಾರ ಪಂಚಾಯಿತಿಗಳ ಅವಧಿ ಐದು ವರ್ಷ. ಅದು ಮುಗಿಯುವ ಮೊದಲೇ ಚುನಾವಣೆ ಆಗಬೇಕು. ಹನ್ನೊಂದನೇ ಅನುಸೂಚಿಯ 17ನೇ ಬಾಬತ್ತಿನಲ್ಲಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳ ಶಿಕ್ಷಣವನ್ನು ಪಂಚಾಯಿತಿಗಳಿಗೆ ವಹಿಸಬಹುದು ಎಂದಿದೆ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ ಅದನ್ನು ಒಪ್ಪಿಕೊಂಡು ತಮಗೊಂದು ಸಮಿತಿ ಕೊಟ್ಟಿತು. ತಮ್ಮ ಸದನಕ್ಕೆ ಕೊನೆಯ ಸಲ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. 2021ರಲ್ಲಿ ಅವಧಿ ಮುಗಿದು ಸದಸ್ಯರು ಮನೆಗೆ ಹೋದರು. ಆಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಆಕ್ಷೇಪಣೆ, ಹೈಕೋರ್ಟು, ಮತ್ತೆ ಮರುವಿಂಗಡಣೆ. ನಡುವೆ ವಿಧಾನಸಭೆಗೆ ಚುನಾವಣೆ ಆಯಿತು, ಲೋಕಸಭೆಗೂ ಆಯಿತು. ಅವಕ್ಕೆ ಯಾವ ಮರುವಿಂಗಡಣೆಯೂ ಅಡ್ಡ ಬರಲಿಲ್ಲ. 2021ರಲ್ಲಿ ಒಂದನೇ ತರಗತಿಗೆ ಸೇರಿದ ಮಗುವಿನ ಕಿರಿಯ ಪ್ರಾಥಮಿಕವೇ ಮುಗಿಯುತ್ತ ಬಂತು. ಜಿಲ್ಲೆಯ ಶಿಕ್ಷಣಕ್ಕೆ ಚುನಾಯಿತ ಅಧ್ಯಕ್ಷರೊಬ್ಬರು ಇರುತ್ತಾರೆಂಬುದನ್ನು ಆ ಮಗು ನಾಗರಿಕಶಾಸ್ತ್ರದ ಪಾಠದಲ್ಲಿ ಓದಿ ತಿಳಿಯಬೇಕು, ಅದೂ ಆ ಪಾಠ ಮಾಡಲು ಮೇಷ್ಟ್ರು ಇದ್ದರೆ.

ತಮಗೂ ಒಂದು ಒಳ್ಳೆಯ ಕಾಲವಿತ್ತು. 2019ರ ಏಪ್ರಿಲ್ 30ರಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಹಾಸನ ಶೇ. 89.33 ಪಡೆದು ರಾಜ್ಯಕ್ಕೆ ಮೊದಲ ಸ್ಥಾನದಲ್ಲಿತ್ತು. ಎರಡು ವರ್ಷದ ಹಿಂದೆ 31ನೇ ಸ್ಥಾನದಲ್ಲಿದ್ದ ಜಿಲ್ಲೆ, ಮರುವರ್ಷ 7, ಅದರ ಮರುವರ್ಷ 1. ಉಡುಪಿ, ಮಂಗಳೂರಿನವರು ತಿರುಗಿ ನೋಡಿದರು. ಅವತ್ತು ಸಂಜೆಯಿಂದಲೇ ಗೆದ್ದೆತ್ತಿನ ಬಾಲ ಹಿಡಿಯುವ ಕೆಲಸ ಶುರುವಾಯಿತು. ಆ ಹೊತ್ತಿಗೆ ವರ್ಗವಾಗಿ ಹೋಗಿದ್ದ ಜಿಲ್ಲಾಧಿಕಾರಿ ರೋಹಿಣಿ ಸಿಂಧೂರಿಯವರ ಶ್ರಮ ಇದು ಎಂದು ಜಾಲತಾಣಗಳಲ್ಲಿ ಜನ ಬರೆದರು. ಆಗಿನ ಜಿಲ್ಲಾ ಉಸ್ತುವಾರಿ ಸಚಿವ ಎಚ್.ಡಿ. ರೇವಣ್ಣನವರು ಶ್ರೇಯಸ್ಸನ್ನು ತಮಗೆ ಕೊಟ್ಟರು, ಅಂದರೆ ಆಗ ತಮ್ಮ ಮೇಲೆ ಕೂತಿದ್ದ ಅವರ ಪತ್ನಿ ಭವಾನಿ ರೇವಣ್ಣನವರಿಗೆ. ಒಂದು ಶಾಲಾ ಫಲಿತಾಂಶಕ್ಕಾಗಿ ಜಿಲ್ಲಾಡಳಿತ ಮತ್ತು ಜಿಲ್ಲಾ ಪಂಚಾಯಿತಿ ಇಷ್ಟು ಪ್ರೀತಿಯಿಂದ ಜಗಳವಾಡಿದ್ದನ್ನು ನಾನು ಮುಂದೆ ಎಂದೂ ನೋಡಲಿಲ್ಲ. ವಿಶೇಷ ತರಗತಿ ತೆಗೆದುಕೊಂಡು, ಸರಣಿ ಪರೀಕ್ಷೆಯ ಕಟ್ಟುಗಟ್ಟಲೆ ಉತ್ತರಪತ್ರಿಕೆ ಮನೆಗೆ ಹೊತ್ತೊಯ್ದು ತಿದ್ದಿದ ಪ್ರೌಢಶಾಲೆಯ ಮೇಷ್ಟ್ರುಗಳ ಹೆಸರು ಮಾತ್ರ ಆ ಜಗಳದಲ್ಲಿ ಕೇಳಿಬರಲಿಲ್ಲ. ಅವರು ಆಗಲೇ ಮುಂದಿನ ವರ್ಷದ ದಾಖಲಾತಿಗೆ ಮನೆಮನೆ ತಿರುಗುತ್ತಿದ್ದರು.

ಫಲಿತಾಂಶದ ಕಥೆ ಅಲ್ಲಿಗೆ ನಿಲ್ಲಲಿಲ್ಲ. ತಾವು ಖಾಲಿಯಾದ 2021ರಲ್ಲಿ ಕೋವಿಡ್ ದೆಸೆಯಿಂದ ರಾಜ್ಯಕ್ಕೆ ರಾಜ್ಯವೇ ಪಾಸು, ಶೇ. 99.99. ಬೇರೆಯವರಿಂದ ಪರೀಕ್ಷೆ ಬರೆಸಿದ ಒಬ್ಬ ವಿದ್ಯಾರ್ಥಿ ಮಾತ್ರ ಫೇಲು. 2023ರಲ್ಲಿ ಹಾಸನ ಶೇ. 96.68ರೊಂದಿಗೆ ಮೂರನೇ ಸ್ಥಾನ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. ಹಾಸನ ಶೇ. 86.28ಕ್ಕೆ ಇಳಿದು ಆರನೇ ಸ್ಥಾನಕ್ಕೆ ಹೋಯಿತು. ರಾಜ್ಯದ್ದಂತೂ ಹೇಳುವ ಹಾಗಿರಲಿಲ್ಲ, ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿ, ಅದಕ್ಕೆ ಬೇಕಾದ ಅರ್ಹತೆಯನ್ನು 35ರಿಂದ 25ಕ್ಕೆ ಇಳಿಸಿ, ಹೇಗೋ ಶೇ. 73.40 ಮುಟ್ಟಿಸಿದರು. ಮುಖ್ಯಮಂತ್ರಿಗಳು ಮುನಿಸಿಕೊಂಡ ಮೇಲೆ ಆ ಕೃಪೆ ನಿಂತಿತು. 2025ರಲ್ಲಿ ಹಾಸನ ಶೇ. 82.12, ಮತ್ತೆ ಆರನೇ ಸ್ಥಾನ. ಮಕ್ಕಳು ಮೇಲೆ ಬಾರದಿದ್ದರೆ ಗೆರೆಯನ್ನೇ ಕೆಳಗಿಳಿಸೋಣ ಎಂದು 2025-26ರಿಂದ ಪಾಸಿಗೆ 35ರ ಬದಲು 33 ಸಾಕು ಎಂದಿದ್ದಾರೆ, 625ಕ್ಕೆ 206. ಇದೇ ವೇಗದಲ್ಲಿ ಹೋದರೆ ಒಂದಲ್ಲ ಒಂದು ದಿನ ಎಲ್ಲ ಜಿಲ್ಲೆಗಳೂ ಮೊದಲ ಸ್ಥಾನಕ್ಕೆ ಬರುತ್ತವೆ. ಆಗ ಶ್ರೇಯಸ್ಸು ಹಂಚಿಕೊಳ್ಳಲು ಕುರ್ಚಿಗಳು ಸಾಲದೆ ಹೋಗಬಹುದು. ತಾವು ಸಿದ್ಧರಾಗಿರುವುದು ಒಳ್ಳೆಯದು.

ಎಸ್ಸೆಸ್ಸೆಲ್ಸಿಯ ಶೇಕಡಾವಾರಿನ ಒಂದು ಸೌಕರ್ಯವೆಂದರೆ, ಅದು ಹತ್ತನೇ ತರಗತಿ ತನಕ ಬಂದವರನ್ನಷ್ಟೇ ನೋಡುತ್ತದೆ. ಒಂದನೇ ತರಗತಿಯಿಂದ ಐದನೆಯದರವರೆಗೆ ಏನಾಯಿತು ಎಂದು ಕೇಳುವುದಿಲ್ಲ. ನಾನು ಅರಕಲಗೂಡು ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಇದ್ದವನು. ಶಾಲೆಯ ಹೆಸರು ಬೇಡ. ಹೇಳಿದರೆ ಮೇಡಂಗೆ ನೋಟಿಸು ಬರುತ್ತದೆ, ಮೇಷ್ಟ್ರು ಬರುವುದಿಲ್ಲ. ಅಲ್ಲಿ ಐದು ತರಗತಿ, ಒಬ್ಬರೇ ಮೇಡಂ. ಒಂದರಿಂದ ಮೂರನೇ ತರಗತಿಯವರು ನಲಿ-ಕಲಿ ಕೋಣೆಯಲ್ಲಿ ಗುಂಪಾಗಿ ನೆಲದ ಮೇಲೆ ಕೂತು ಕಾರ್ಡು ಹಿಡಿದಿರುತ್ತಾರೆ. ನಾಲ್ಕು, ಐದನೆಯವರು ಪಕ್ಕದ ಕೋಣೆಯಲ್ಲಿ ಗಣಿತ ಬಿಡಿಸುತ್ತಿರುತ್ತಾರೆ, ಅಥವಾ ಬಿಡಿಸುತ್ತಿರುವಂತೆ ಕಾಣುತ್ತಾರೆ. ಮೇಡಂ ಬಾಗಿಲಲ್ಲಿ ನಿಂತು ಎರಡೂ ಕಡೆ ಕಣ್ಣಿಟ್ಟಿರುತ್ತಾರೆ. ಅಷ್ಟರಲ್ಲಿ ಫೋನಿಗೆ ಮೆಸೇಜು ಬರುತ್ತದೆ: ಇಂದಿನ ಹಾಜರಾತಿ, ಹಾಲು ಕುಡಿದವರೆಷ್ಟು, ಊಟ ಮಾಡಿದವರೆಷ್ಟು, ಹನ್ನೊಂದು ಗಂಟೆಯೊಳಗೆ ಕಳಿಸಿ. ಐದನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಲಿ-ಕಲಿ ಕೋಣೆಗೆ ಹೋಗಿ ಪುಟ್ಟ ಮಕ್ಕಳಿಗೆ ಕಾಗುಣಿತ ಹೇಳಿಸುತ್ತಾಳೆ. ಆ ಹೊತ್ತಿಗೆ ಆ ಶಾಲೆಯ ಎರಡನೇ ಶಿಕ್ಷಕಿ ಅವಳೇ. ಸಂಬಳ, ಭತ್ಯೆ, ಪಿಂಚಣಿಯ ತಕರಾರಿಲ್ಲ.

ಇದು ನಮ್ಮೂರಿನ ಅಪರೂಪವೇನಲ್ಲ. 2024-25ರ ಯುಡೈಸ್ ಶಾಲಾ ಅಂಕಿಅಂಶದ ಪ್ರಕಾರ ಕರ್ನಾಟಕದಲ್ಲಿ 7,349 ಏಕೋಪಾಧ್ಯಾಯ ಶಾಲೆಗಳಿದ್ದವು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ, ಐದನೇ ತರಗತಿವರೆಗಿನ ಶಾಲೆಯಲ್ಲಿ ಅರುವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು ಎನ್ನುತ್ತದೆ. ಅದೇ ಕಾಯ್ದೆಯ 26ನೇ ಸೆಕ್ಷನ್ನು ಖಾಲಿ ಹುದ್ದೆ ಶೇ. 10 ಮೀರಬಾರದು ಎನ್ನುತ್ತದೆ. 27ನೇ ಸೆಕ್ಷನ್ನು ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟರೆ ಶಿಕ್ಷಕರನ್ನು ಬೇರೆ ಕೆಲಸಕ್ಕೆ ಎಳೆಯಬಾರದು ಎನ್ನುತ್ತದೆ. ಆದರೂ 2025ರ ಸೆಪ್ಟೆಂಬರ್ 22ರಂದು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾದಾಗ ಮನೆಮನೆಗೆ ಹೋಗಿ ಸಮೀಕ್ಷೆಯ ಸ್ಟಿಕ್ಕರ್ ಹುಡುಕಿದವರು ಇದೇ ಮೇಷ್ಟ್ರುಗಳು. ಕೆಲಸ ಮುಗಿಯದೆ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ನಾಡಿನ ಶೈಕ್ಷಣಿಕ ಸ್ಥಿತಿಗತಿ ತಿಳಿಯಲು ಶಾಲೆಗಳಿಗೆ ಬೀಗ ಹಾಕಿದ್ದು ನಮ್ಮ ಕಾಲದ ಒಂದು ಸಾಧನೆ.

ಖಾಲಿ ಜಾಗ ತುಂಬಲು ಅತಿಥಿ ಶಿಕ್ಷಕರಿದ್ದಾರೆ. 2025-26ಕ್ಕೆ ರಾಜ್ಯದಲ್ಲಿ 51,000 ಮಂದಿಯನ್ನು ತೆಗೆದುಕೊಳ್ಳಲು ಆದೇಶವಾಯಿತು. ಆ ವರ್ಷ ಪ್ರಾಥಮಿಕದಲ್ಲಿ ಗೌರವಧನ ತಿಂಗಳಿಗೆ 12,000 ರೂಪಾಯಿ, ಬೇಸಿಗೆಯಲ್ಲಿ ಅದೂ ಇಲ್ಲ. ಬಿ.ಇಡಿ. ಮಾಡಿದ ಹುಡುಗ ಶನಿವಾರ-ಭಾನುವಾರ ಶುಂಠಿ ಕೀಳುವ ಕೂಲಿಗೆ ಹೋಗುವುದನ್ನು ಕಂಡಿದ್ದೇನೆ. ಕೂಲಿಯಲ್ಲಿ ಬಟವಾಡೆ ತಡವಾಗುವುದಿಲ್ಲ ಎಂದು ಆತನೇ ಹೇಳಿದ.

ಇನ್ನು ದುಡ್ಡಿನ ವಿಚಾರ. 2025-26ರ ರಾಜ್ಯ ಬಜೆಟ್ಟಿನಲ್ಲಿ ಶಿಕ್ಷಣಕ್ಕೆ ಇಟ್ಟದ್ದು 45,286 ಕೋಟಿ ರೂಪಾಯಿ. ದೊಡ್ಡ ಮೊತ್ತ. ಬಹುಪಾಲು ಸಂಬಳಕ್ಕೆ ಹೋಗುತ್ತದೆ, ಹೋಗಬೇಕಾದದ್ದೇ. ಆದರೆ ಊರಿನವರು ಸೇರಿ ನಿರ್ಧರಿಸಿ ಖರ್ಚು ಮಾಡಬಹುದಾದ್ದು ಎಷ್ಟು? ಸಮಗ್ರ ಶಿಕ್ಷಣದಡಿ ಮೂವತ್ತು ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ ಶಾಲಾ ಅನುದಾನ. ದಿನಕ್ಕೆ 27 ರೂಪಾಯಿ ಚಿಲ್ಲರೆ. ಅದರಲ್ಲಿ ಹತ್ತನೇ ಒಂದು ಭಾಗ ಸ್ವಚ್ಛತೆಗೆ ಕಡ್ಡಾಯ. ಉಳಿದುದರಲ್ಲಿ ಸೀಮೆಸುಣ್ಣ, ರಿಜಿಸ್ಟರು, ಹೆಂಚು, ನಲ್ಲಿ, ಸ್ವಾತಂತ್ರ್ಯ ದಿನದ ಸಿಹಿ. 2022ರ ಅಕ್ಟೋಬರಿನಲ್ಲಿ ಪೋಷಕರಿಂದ ತಿಂಗಳಿಗೆ ನೂರು ರೂಪಾಯಿ ದೇಣಿಗೆ ಪಡೆಯಬಹುದು ಎಂದು ಎಸ್‌ಡಿಎಂಸಿಗಳಿಗೆ ಒಂದು ಸುತ್ತೋಲೆ ಬಂದಿತ್ತು. ಗಲಾಟೆಯಾಗಿ ಕೆಲವೇ ದಿನದಲ್ಲಿ ವಾಪಸು ಪಡೆದರು. ಅಂಥ ಸುತ್ತೋಲೆ ಬೇಡವಾಗಿತ್ತು. ಅದಿಲ್ಲದೆಯೇ ನಮ್ಮ ಮೇಡಂ ವರ್ಷಗಟ್ಟಲೆ ಅಷ್ಟನ್ನು ಕೈಯಿಂದ ಹಾಕುತ್ತ ಬಂದಿದ್ದಾರೆ.

ಮೊಟ್ಟೆಯ ಲೆಕ್ಕ ಕೇಳಿ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ 1,500 ಕೋಟಿ ಕೊಡಲು ಒಪ್ಪಿದ ಮೇಲೆ 2024ರ ಸೆಪ್ಟೆಂಬರಿನಿಂದ ಮಕ್ಕಳಿಗೆ ವಾರದ ಆರು ದಿನವೂ ಮೊಟ್ಟೆ. ಒಳ್ಳೆಯ ಕೆಲಸ, ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ. ಒಂದು ಮೊಟ್ಟೆಗೆ ನಿಗದಿಯಾದದ್ದು ಆರು ರೂಪಾಯಿ: ಮೊಟ್ಟೆಗೆ 5 ರೂಪಾಯಿ 20 ಪೈಸೆ, ಬೇಯಿಸುವ ಗ್ಯಾಸಿಗೆ 50 ಪೈಸೆ, ಸಿಪ್ಪೆ ಸುಲಿಯಲು 30 ಪೈಸೆ. ಸಿಪ್ಪೆಗೂ ದರ ಕಟ್ಟಿದ ಈ ಆದೇಶದ ಕರಾರುವಾಕ್ಕಿಗೆ ನಮಸ್ಕಾರ. ಅಂಗಡಿಯಲ್ಲಿ ಮೊಟ್ಟೆ ಆರೂವರೆ, ಏಳು ಆದ ದಿನ ಏನು ಮಾಡಬೇಕೆಂದು ಮಾತ್ರ ಅದರಲ್ಲಿಲ್ಲ. ಅಂಗಡಿಯವನ ಉದ್ರಿ ಪುಸ್ತಕದಲ್ಲಿ ಸಾಲ ಇರುವುದು ಮೇಡಂ ಹೆಸರಿನಲ್ಲಿ. ಇಲಾಖೆಯ ಹೆಸರು ಬರೆದುಕೊಳ್ಳಯ್ಯ ಎಂದರೆ, "ಇಲಾಖೆ ಎಲ್ಲಿ ಸಿಗುತ್ತೆ ಸಾರ್, ಮೇಡಂ ಆದ್ರೆ ದಿನಾ ಬಸ್ಸಿಗೆ ಬರ್ತಾರೆ" ಎನ್ನುತ್ತಾನೆ. ಶಾಲಾಡಳಿತದ ಬಗ್ಗೆ ಇಷ್ಟು ಸ್ಪಷ್ಟವಾದ ವರದಿಯನ್ನು ಯಾವ ಆಯೋಗವೂ ಕೊಟ್ಟಿಲ್ಲ.

ಹಾಗಾದರೆ ಶಾಲೆಯನ್ನು ನಡೆಸುವವರು ಯಾರು? ಕಾಗದದಲ್ಲಿ ನಾವೇ. ರಾಜಾ ರಾಮಣ್ಣ ಕಾರ್ಯಪಡೆಯ ವರದಿಯ ನಂತರ 2001ರಲ್ಲಿ ಕರ್ನಾಟಕ ಎಸ್‌ಡಿಎಂಸಿಗಳನ್ನು ಮಾಡಿತು. ಶಿಕ್ಷಣ ಹಕ್ಕು ಕಾಯ್ದೆ ಬರುವ ಎಷ್ಟೋ ವರ್ಷ ಮೊದಲು. ಆ ಮಟ್ಟಿಗೆ ನಮ್ಮ ರಾಜ್ಯ ಮುಂದಿತ್ತು. ಕಾಯ್ದೆ ಬಂದ ಮೇಲೆ ಸಮಿತಿಯ ಮುಕ್ಕಾಲು ಪಾಲು ಪೋಷಕರು, ಅರ್ಧ ಮಹಿಳೆಯರು ಎಂದಾಯಿತು. ಶಾಲಾ ಅಭಿವೃದ್ಧಿ ಯೋಜನೆ ನಾವೇ ಬರೆಯಬೇಕು. ಬರೆದೆವು ಕೂಡ: ಒಂದನೆಯದು, ಇನ್ನೊಬ್ಬ ಶಿಕ್ಷಕರು. ಯೋಜನೆ ಕ್ಲಸ್ಟರಿನ ಸಿಆರ್‌ಪಿ ಕೈಗೆ ಹೋಯಿತು, ಅಲ್ಲಿಂದ ಬಿಇಒ ಕಚೇರಿಗೆ. ಆದರೆ ಶಿಕ್ಷಕರ ವರ್ಗಾವಣೆ ನಡೆಯುವುದು 2020ರ ಕಾಯ್ದೆಯಂತೆ, ಕೌನ್ಸೆಲಿಂಗಿನ ಕಂಪ್ಯೂಟರಿನಲ್ಲಿ, ನೇಮಕಾತಿ ಬೆಂಗಳೂರಿನಲ್ಲಿ, ಹುದ್ದೆ ಮಂಜೂರಾತಿ ಹಣಕಾಸು ಇಲಾಖೆಯಲ್ಲಿ. ನಮ್ಮ ಕೈಯಲ್ಲಿ ಉಳಿದದ್ದು ಸಭಾ ನಡಾವಳಿ ಪುಸ್ತಕ. ಅದರಲ್ಲಿ ಸಹಿ ಹಾಕಲು ಹೊಲದಿಂದ ತಾಯಂದಿರನ್ನು ಕರೆಸುತ್ತೇವೆ. ಕೈತೊಳೆದು ಬಂದು ಹಾಕುತ್ತಾರೆ. ಈಗ "ನಮ್ಮ ಶಾಲೆ, ನಮ್ಮ ಜವಾಬ್ದಾರಿ" ಎಂಬ ಕಾರ್ಯಕ್ರಮವೂ ಇದೆ. ಜವಾಬ್ದಾರಿ ಇಷ್ಟು ಉದಾರವಾಗಿ ಹಂಚಿಕೆಯಾಗಿದೆ. ಅಧಿಕಾರವನ್ನೂ ಸ್ವಲ್ಪ ಹಂಚಬಹುದೇನೋ ಎಂದು ಕೇಳುವುದು ದುರಾಸೆ ಅನಿಸಬಹುದು.

ಜಿಲ್ಲಾ ಮಟ್ಟದಲ್ಲಿ ಕೆಡಿಪಿ ಪ್ರಗತಿ ಪರಿಶೀಲನಾ ಸಭೆ ನಡೆಯುತ್ತದೆ. ಉಸ್ತುವಾರಿ ಸಚಿವರು ಮೂರು ತಿಂಗಳಿಗೊಮ್ಮೆ ಕೇಳುತ್ತಾರೆ, ಡಿಡಿಪಿಐ ಎದ್ದುನಿಂತು ಶೇಕಡಾವಾರು ಓದುತ್ತಾರೆ. ಬೈಗುಳ ಬಿದ್ದರೆ ಮರುದಿನ ಪತ್ರಿಕೆಯಲ್ಲಿ ಸುದ್ದಿ. ಮುಂದಿನ ಇಲಾಖೆಯ ಸರದಿ ಬರುತ್ತದೆ.

ರಾಮನಾಥಪುರದ ತಂಬಾಕು ಹರಾಜು ಮಾರುಕಟ್ಟೆಯಲ್ಲಿ ಬೇಲ್‌ಗೆ ದರ ಕೂಗುವಾಗ ಬೆಳೆದವನು ಎದುರಿಗೇ ನಿಂತಿರುತ್ತಾನೆ. ದರ ತೀರಾ ಬಿದ್ದರೆ ನಾಲ್ಕು ಜನ ಸೇರಿ ಹರಾಜನ್ನೇ ನಿಲ್ಲಿಸುತ್ತಾರೆ, ಅಧಿಕಾರಿಗಳು ಓಡಿ ಬರುತ್ತಾರೆ. ಹೊಗೆಸೊಪ್ಪಿಗೆ ಇರುವ ಆ ಕಟ್ಟೆ ಮಕ್ಕಳ ಓದಿಗೆ ಇಲ್ಲ. ಇದ್ದುದು ತಮ್ಮ ಸಮಿತಿಯ ಸಭೆ. ಅಲ್ಲಿ ನಮ್ಮ ಕ್ಷೇತ್ರದ ಸದಸ್ಯ ಎದ್ದುನಿಂತು, ಇಂಥ ಊರಿನ ಶಾಲೆಗೆ ಮೇಷ್ಟ್ರು ಏಕಿಲ್ಲ ಎಂದು ಗಲಾಟೆ ಮಾಡಬಹುದಿತ್ತು. ಗಲಾಟೆ ಅರ್ಧ ನಾಟಕವೇ ಇರಬಹುದು. ಆದರೂ ನಾಟಕಕ್ಕೆ ರಂಗವಾದರೂ ಇತ್ತು.

ತಮ್ಮನ್ನು ಹೊಗಳಿ ಅಟ್ಟಕ್ಕೇರಿಸುವ ಉದ್ದೇಶ ನನಗಿಲ್ಲ. ತಾವು ತುಂಬಿದ್ದ ಕಾಲದಲ್ಲೂ ಶಿಕ್ಷಕರ ಸಂಬಳ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಲೆಕ್ಕಶೀರ್ಷಿಕೆಯಲ್ಲಿ ಹಾದುಹೋಗುತ್ತಿತ್ತೇ ಹೊರತು ತಮ್ಮ ಮಾತು ಕೇಳಿ ಹೋಗುತ್ತಿರಲಿಲ್ಲ. ಕುಟುಂಬದ ಹೆಸರು ನೋಡಿ ಟಿಕೆಟ್, ಟಿಕೆಟ್ ನೋಡಿ ಕುರ್ಚಿ, ಕುರ್ಚಿ ನೋಡಿ ಶಾಲೆಗೆ ಕಾಂಪೌಂಡು: ಈ ಜಿಲ್ಲೆಗೆ ಆ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಪ್ರಧಾನಿಯನ್ನೇ ಕೊಟ್ಟ ಹೊಳೆನರಸೀಪುರದಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಗೃಹವಿಜ್ಞಾನ ಕಾಲೇಜು ಕೂಡ ಇದೆ. ಹೆಸರುಳ್ಳವರು ಪಟ್ಟು ಹಿಡಿದರೆ ಸರ್ಕಾರಕ್ಕೆ ದುಡ್ಡು ಸಿಗುತ್ತದೆ ಎಂಬುದಕ್ಕೆ ಆ ಊರೇ ಸಾಕ್ಷಿ. ಆದರೆ ಕಾಲೇಜಿಗೆ ಶಂಕುಸ್ಥಾಪನೆ ಇರುತ್ತದೆ, ಕಲ್ಲಿನ ಮೇಲೆ ಹೆಸರು ಇರುತ್ತದೆ. ಮೂರನೇ ತರಗತಿಯ ಮಗು ಒಂದು ವಾಕ್ಯವನ್ನು ತಡವರಿಸದೆ ಓದಿದ್ದಕ್ಕೆ ಯಾವ ಕಲ್ಲು ನೆಡುತ್ತಾರೆ?

ಕಾಯಲಾರದವರು ಕಾಯುತ್ತಿಲ್ಲ. ಬೆಳಗ್ಗೆ ಎಂಟಕ್ಕೆ ಚನ್ನರಾಯಪಟ್ಟಣದ ಸುತ್ತಿನ ಹಳ್ಳಿಗಳ ಗೇಟಿನಲ್ಲಿ ನಿಂತು ನೋಡಿ. ಹಳದಿ ಬಸ್ಸುಗಳು ಒಂದರ ಹಿಂದೊಂದು ಬಂದು, ಟೈ ಕಟ್ಟಿದ ಮಕ್ಕಳನ್ನು ತುಂಬಿಕೊಂಡು ಪೇಟೆಗೆ ಹೋಗುತ್ತವೆ. ತೆಂಗು ಮಾರಿದ ದುಡ್ಡು ಫೀಸಿಗೆ. ಸರ್ಕಾರಿ ಶಾಲೆಯಲ್ಲಿ ಉಳಿಯುವವರು ಬಸ್ಸಿನ ದುಡ್ಡಿಲ್ಲದವರ ಮಕ್ಕಳು, ವಲಸೆ ಬಂದ ಕೂಲಿಗಳ ಮಕ್ಕಳು. ಸಂತೇಶಿವರ ಇದೇ ತಾಲ್ಲೂಕಿನದು. ಕಡುಬಡತನದಲ್ಲಿ ಓದಿ ಬೆಳೆದ ಎಸ್.ಎಲ್. ಭೈರಪ್ಪನವರ ಊರು. 2025ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಾಗ ನಾಡೆಲ್ಲ ಆ ಬಡತನವನ್ನು ನೆನೆಯಿತು. ಅಂಥದೇ ಬಡತನದ ಮಕ್ಕಳು ಇವತ್ತು ಕೂತಿರುವ ಕೋಣೆಗೆ ಎರಡನೇ ಮೇಷ್ಟ್ರು ಇಲ್ಲದಿರುವುದನ್ನೂ ಜೊತೆಗೇ ನೆನೆದಿದ್ದರೆ ಸಂತಾಪ ಇನ್ನಷ್ಟು ಅರ್ಥಪೂರ್ಣವಾಗುತ್ತಿತ್ತು.

ಮಕ್ಕಳು ಕಡಿಮೆಯಾದರು, ಆದ್ದರಿಂದ ಮೇಷ್ಟ್ರು ಬೇಡ ಎನ್ನುತ್ತದೆ ಕಚೇರಿ. ಮೇಷ್ಟ್ರಿಲ್ಲ, ಆದ್ದರಿಂದ ಮಕ್ಕಳನ್ನು ಬಿಡಿಸಿದೆವು ಎನ್ನುತ್ತಾರೆ ಪೋಷಕರು. ಇಬ್ಬರೂ ನಿಜ ಹೇಳುತ್ತಿದ್ದಾರೆ. ಈ ಸುತ್ತು ಬಿಡಿಸಲು ಸರ್ಕಾರದ ಉತ್ತರ ಕರ್ನಾಟಕ ಪಬ್ಲಿಕ್ ಶಾಲೆ; ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ 2,500 ಕೋಟಿಯಲ್ಲಿ ಇನ್ನೂ 500 ಶಾಲೆ ಎಂದು 2025-26ರ ಬಜೆಟ್ ಹೇಳಿತು. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಡೆ ಇರುವ ಶಾಲೆ ಚೆನ್ನಾಗಿಯೇ ಇರುತ್ತದೆ. ಹಳ್ಳಿಯ ಚಿಕ್ಕ ಶಾಲೆ ಅದರಲ್ಲಿ ಕರಗಿದರೆ ಆರು ವರ್ಷದ ಮಗು ಹೇಗೆ ಹೋಗಬೇಕು, ಆನೆ ಓಡಾಡುವ ಆಲೂರು, ಸಕಲೇಶಪುರದ ದಾರಿಯಲ್ಲಿ ಯಾರ ಜೊತೆ ಹೋಗಬೇಕು? ಒಂದು ಶಾಲೆ ಉಳಿಯಬೇಕೋ ಬೇಡವೋ ಎಂದು ಆ ಊರಿನ ಪ್ರತಿನಿಧಿಗಳು ಕೂತು ಚರ್ಚಿಸಲೆಂದೇ ತಮ್ಮನ್ನು ಮಾಡಿಸಿದ್ದು.

ಆದ್ದರಿಂದ ಬೇಡಿಕೆಗಳು, ತಮ್ಮ ಯೋಗ್ಯತೆಗೆ ಮೀರದಷ್ಟು:

ಒಂದು, ಚುನಾವಣೆ ಆಗಲಿ. ಯಾರೇ ಬಂದು ಕೂರಲಿ. ಹೆಂಡತಿ, ಮಗ, ಸೊಸೆ ಯಾರಾದರೂ ಸರಿ. ಬೈಯಲು ಒಬ್ಬರು ಬೇಕು, ಐದು ವರ್ಷಕ್ಕೊಮ್ಮೆ ಇಳಿಸಲು ಒಬ್ಬರು ಬೇಕು.

ಎರಡು, ತಾಲ್ಲೂಕುವಾರು ಖಾಲಿ ಹುದ್ದೆಗಳ ಪಟ್ಟಿ ಪ್ರತಿ ಜೂನ್‌ನಲ್ಲಿ ಗ್ರಾಮ ಪಂಚಾಯಿತಿಯ ಬೋರ್ಡಿಗೆ ಬರಲಿ. ಎಸ್ಸೆಸ್ಸೆಲ್ಸಿಯಲ್ಲಿ ಗೆದ್ದ ಮಕ್ಕಳ ಫೋಟೊ ಹಾಕುವಷ್ಟೇ ದೊಡ್ಡ ಫ್ಲೆಕ್ಸಿನಲ್ಲಿ.

ಮೂರು, ಅರುವತ್ತರೊಳಗೆ ಮಕ್ಕಳಿರುವ ಶಾಲೆಗೂ ಇಬ್ಬರು ಶಿಕ್ಷಕರು. ಇದು ನನ್ನ ಬೇಡಿಕೆಯಲ್ಲ, ಸಂಸತ್ತಿನದು.

ನಾಲ್ಕು, ಜಿಲ್ಲೆಯ ಸ್ಥಾನವನ್ನು ಹತ್ತನೇ ತರಗತಿಯಲ್ಲಿ ಅಳೆಯುವ ಮೊದಲು ಮೂರನೇ ತರಗತಿಯಲ್ಲಿ ಅಳೆಯಿರಿ. ಓದಲು ಬಾರದ ಮಗುವಿಗೆ ಏಳು ವರ್ಷ ಬಿಟ್ಟು ವಿಶೇಷ ತರಗತಿ ಕೊಡುವುದು ಖರ್ಚಿನ ದೃಷ್ಟಿಯಿಂದಲೂ ದುಬಾರಿ.

ಐದು, ಮೊಟ್ಟೆಯ ದರ ಅಂಗಡಿಯ ದರಕ್ಕೆ ಸರಿಹೊಂದಲಿ. ಮೇಡಂ ಸಾಲ ತೀರಲಿ.

ಉತ್ತರ ಬಾರದಿದ್ದರೆ ಬೇಸರವಿಲ್ಲ. ಕೂತವರಿಂದಲೂ ಬಂದದ್ದು ಕಡಿಮೆ.

ಇಂತಿ ತಮ್ಮ ವಿಶ್ವಾಸಿ,
ಎಸ್‌ಡಿಎಂಸಿಯ ಮಾಜಿ ಸದಸ್ಯ,
ಅರಕಲಗೂಡು ತಾಲ್ಲೂಕು.

ಪ್ರತಿಗಳು:

ಜಿಲ್ಲಾ ಪಂಚಾಯಿತಿ ಆಡಳಿತಾಧಿಕಾರಿಗಳಿಗೆ, ಮಾಹಿತಿಗಾಗಿ.

ಡಿಡಿಪಿಐ, ಹಾಸನ, ಹಾಗೂ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಬಿಇಒಗಳಿಗೆ, ಮಾಹಿತಿಗಾಗಿ. ಅವರಲ್ಲಿ ಮಾಹಿತಿ ಈಗಾಗಲೇ ಇದೆ ಎಂಬ ಅರಿವಿನೊಂದಿಗೆ.

2019ರ ಮೊದಲ ಸ್ಥಾನದ ಶ್ರೇಯಸ್ಸಿಗೆ ಹಕ್ಕು ಮಂಡಿಸಿದ ಎಲ್ಲರಿಗೂ, 2025ರ ಆರನೇ ಸ್ಥಾನಕ್ಕೂ ಹಕ್ಕು ಮಂಡಿಸುವಂತೆ ಕೋರಿ.

2016ರಲ್ಲಿ ಈ ಕುರ್ಚಿಗಾಗಿ ಮತ ಹಾಕಿ, ಆಮೇಲೆ ಅದನ್ನು ಮರೆತ ಜಿಲ್ಲೆಯ ಎಲ್ಲ ತಾಲ್ಲೂಕಿನ ಮತದಾರರಿಗೆ, ನನ್ನನ್ನೂ ಸೇರಿಸಿ, ಮುಂದಿನ ಸೂಕ್ತ ಕ್ರಮಕ್ಕಾಗಿ.